ಇಂಗ್ಲಿಷ್ ವಾಕ್ಯದ ಮಧ್ಯೆ ಕಾಮಾ ಎಲ್ಲಿ ಹಾಕ್ಬೇಕು? ಎರಡು ಕಾಮಾಗೆ ಬೈಸ್ಕೊಂಡು ಬಂದಿದೀನಿ

ಹಾಸನದ ಹೈದ:
ಎಲ್ರಿಗೂ ನಮಸ್ಕಾರ. ನಾನು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಈಗ ಬೆಂಗ್ಳೂರಲ್ಲಿ ಸಪೋರ್ಟ್ ಟೀಮಲ್ಲಿ ಕೆಲ್ಸ, ದಿನಾ ಇಪ್ಪತ್ತು ಮೂವತ್ತು ಮೇಲ್ ಬರೀತೀನಿ, ಇಂಗ್ಲಿಷ್ ಹೆಂಗೋ ನಡಿಯತ್ತೆ ಆದ್ರೆ ಈ ಕಾಮಾ ಮಾತ್ರ ಸಾರಿಗೆ ಉಪ್ಪು ಹಾಕ್ದಂಗೆ ಕೈ ಅಂದಾಜಲ್ಲೇ ಹಾಕ್ಕೊಂಡು ಬಂದಿದೀನಿ. ಹೋದ ವಾರ ಏನಾಯ್ತು ಅಂದ್ರೆ, ನಮ್ದು 40 ಸರ್ವರ್ ಇದಾವೆ, ಶುಕ್ರವಾರ ಅದ್ರಲ್ಲಿ 4ಕ್ಕೆ ಮಾತ್ರ ಅಪ್‌ಡೇಟ್ ಹಾಕಿದ್ವಿ, ಆ ನಾಲ್ಕೂ ಮಲಗಿಬಿಟ್ವು. ಕ್ಲೈಂಟ್‌ಗೆ ನಾನು ಬರ್ದಿದ್ದು ಇದು (ಇಂಗ್ಲಿಷನ್ನೂ ಕನ್ನಡ ಕೀಬೋರ್ಡಲ್ಲೇ ಹೊಡಿತಿದೀನಿ, ಅಡ್ಜಸ್ಟ್ ಮಾಡ್ಕೊಳಿ):

"ದ ಸರ್ವರ್ಸ್, ವಿಚ್ ವರ್ ಅಪ್‌ಡೇಟೆಡ್ ಆನ್ ಫ್ರೈಡೇ, ಆರ್ ಡೌನ್."

ಐದೇ ನಿಮಿಷಕ್ಕೆ ಫೋನು, ಎಲ್ಲಾ ಹೋಯ್ತಾ ಅಂತ ಆ ಕಡೆಯಿಂದ ಕಿರುಚಾಟ. ಆಮೇಲೆ ಮ್ಯಾನೇಜರ್ ಕರ್ದು, ಆ ಎರಡು ಕಾಮಾ ಹಾಕ್ದೇ ಇದ್ದಿದ್ರೆ ಈ ರಾಮಾಯಣನೇ ಇರ್ತಿರ್ಲಿಲ್ಲ ಅಂದ್ರು. ಯಾಕೆ ಅಂತ ಹೇಳ್ಳಿಲ್ಲ, ಕೇಳೋ ಧೈರ್ಯ ನಂಗೂ ಬರ್ಲಿಲ್ಲ. ಸ್ಕೂಲಲ್ಲಿ ಮೇಷ್ಟ್ರು ಹೇಳ್ಕೊಟ್ಟಿದ್ದು ಉಸಿರು ತಗೊಳೋ ಕಡೆ ಕಾಮಾ ಹಾಕು ಅಂತ, ಹಂಗೇ ಹಾಕಿದೀನಿ. ತಪ್ಪೆಲ್ಲಿ?

ರಿಟೈರ್ಡ್ ಮೇಡಂ:
ನಿನ್ನ ಮ್ಯಾನೇಜರ್ ಹೇಳಿದ್ದು ಸರಿಯಾಗೇ ಇದೆ ಕಣಪ್ಪಾ. ವಾಕ್ಯದ ನಡುವೆ ಬರೋ ಜೋಡಿ ಕಾಮಾ ಅಂದ್ರೆ ಬ್ರಾಕೆಟ್ ಇದ್ದಂಗೆ. ಒಳಗಿರೋದು ಹಾಗೇ ಸುಮ್ನೆ ಹೇಳಿದ ಮಾತು, ಅದನ್ನ ಎತ್ತಿ ಪಕ್ಕಕ್ಕಿಟ್ರೂ ವಾಕ್ಯ ನಿಲ್ಬೇಕು, ನಿಂತಿದ್ದು ನೀನು ಹೇಳ್ಬೇಕಂತಿದ್ದ ಮಾತೇ ಆಗಿರ್ಬೇಕು. ನಿನ್ನ ಮೇಲಲ್ಲಿ ಎತ್ತಿ ನೋಡು, ಏನುಳೀತು? "ದ ಸರ್ವರ್ಸ್ ಆರ್ ಡೌನ್." 40ಕ್ಕೆ 40! ಅವ್ರು ಕಿರುಚಿದ್ದು ನ್ಯಾಯನೇ. ಕಾಮಾ ಇಲ್ದೆ ಬರ್ದಿದ್ರೆ, ಯಾವ ಸರ್ವರು ಅಂತ ಗುರುತು ಹೇಳೋ ಕೆಲ್ಸ ಆ ನಡುವಿನ ಮಾತೇ ಮಾಡ್ತಿತ್ತು, ಶುಕ್ರವಾರ ಅಪ್‌ಡೇಟ್ ಆದವು ಮಾತ್ರ ಅಂತ.

ನಮ್ಮೋರಿಗೆ ಇದು ತಲೆಗೆ ಹತ್ತದೇ ಇರೋದಕ್ಕೆ ಕಾರಣ ಇದೆ. ಕನ್ನಡದಲ್ಲಿ ಆ ಮಾತು ಹೆಸರಿಗಿಂತ ಮುಂಚೆನೇ ಬಂದು ಮುಗ್ದೋಗಿರತ್ತೆ, "ಶುಕ್ರವಾರ ಅಪ್‌ಡೇಟ್ ಮಾಡಿದ ಸರ್ವರ್‌ಗಳು" ಅಂತೀವಿ, ಅಲ್ಲಿ ಕಾಮಾಗೆ ಜಾಗಾನೇ ಇಲ್ಲ. "ಮೈಸೂರಲ್ಲಿರೋ ನಮ್ಮಣ್ಣ ಡಾಕ್ಟ್ರು" ಅಂದ್ರೆ ಇವನಿಗೆ ಒಬ್ನೇ ಅಣ್ಣಾನೋ ಮೂರು ಜನಾನೋ ಗೊತ್ತಾಗಲ್ಲ, ಯಾರೂ ತಲೆ ಕೆಡಿಸ್ಕೊಳಲ್ಲ. ಇಂಗ್ಲಿಷಲ್ಲಿ ಅದೇ ಮಾತು ಹೆಸರಾದ್ಮೇಲೆ ಬಂದು ವಾಕ್ಯದ ಹೊಟ್ಟೆ ಮೇಲೆ ಕೂತ್ಕೊಳತ್ತೆ. "ಮೈ ಬ್ರದರ್, ಹೂ ಲಿವ್ಸ್ ಇನ್ ಮೈಸೂರು, ಈಸ್ ಎ ಡಾಕ್ಟರ್" ಅಂದ್ರೆ ಇರೋದೊಬ್ನೇ ಅಣ್ಣ. ಎರಡೂ ಕಾಮಾ ಕಿತ್ತಾಕು, ಬೇರೆ ಊರಲ್ಲೂ ಅಣ್ಣತಮ್ಮಂದಿರು ಹುಟ್ಕೊಳ್ತಾರೆ, ಮೈಸೂರಿನವನು ಡಾಕ್ಟ್ರು ಅಂತಾಗತ್ತೆ.

ಮತ್ತೆ ಹಾಕಿದ್ರೆ ಎರಡೂ ಹಾಕು. ನಾನು ಪೇಪರ್ ತಿದ್ದೋವಾಗ ಕಾಮಾನೇ ಹಾಕದೋರಿಗಿಂತ, ಮೊದಲನೇದು ಹಾಕಿ ಎರಡನೇದು ಮರೆತೋರೇ ಜಾಸ್ತಿ ಸಿಗ್ತಿದ್ರು. ಜೋಡೆತ್ತಿನ ಗಾಡಿಗೆ ಒಂದೇ ಎತ್ತು ಕಟ್ಟಿದ್ರೆ ಹೇಗೆ ಹೋಗತ್ತೆ ಹೇಳು.

ಸುಮ್ನೆ ಬಂದೆ:
ಮೇಡಂ, ಹಂಗಾದ್ರೆ ಉಸಿರಿನ ರೂಲ್ ಪೂರ್ತಿ ಸುಳ್ಳಾ? ನಾನೂ ಅದನ್ನೇ ನಂಬ್ಕೊಂಡು ಡಿಗ್ರಿ ಮುಗ್ಸಿದೀನಿ.

ಕಾಪಿ ಡೆಸ್ಕ್:
ಮೇಡಂ ಬದ್ಲು ನಾನ್ ಹೇಳ್ತೀನಿ, ಅರ್ಧ ನಿಜ ಗುರು. "ನಮ್ ಮಂಜ, ಪಾಪ, ಊಟಾನೂ ಮಾಡ್ದೆ ಹೋದ" ಅಂತ ಜೋರಾಗಿ ಹೇಳ್ನೋಡು, ಪಾಪ ಅನ್ನೋವಾಗ ದನಿ ಕೆಳಗಿಳಿದು ಆಮೇಲೆ ಮತ್ತೆ ಮೇಲಕ್ಕೆ ಬರತ್ತೆ. ಆ ಇಳಿದು ಹತ್ತೋದು ಕೇಳಿಸಿದ್ರೆ ಅಲ್ಲಿ ಜೋಡಿ ಕಾಮಾ. ಬರೀ ಉಸಿರು ಲೆಕ್ಕ ಇಟ್ಕೊಂಡ್ರೆ ಕೆಡ್ತೀಯ. "ದ ಬಾಯ್ ಹೂ ಕೇಮ್ ಫ್ರಂ ಹಾಸನ್ ಯೆಸ್ಟರ್‌ಡೇ ಈಸ್ ಮೈ ಕಸಿನ್", ಇದ್ರಲ್ಲಿ ಯೆಸ್ಟರ್‌ಡೇ ಆದ್ಮೇಲೆ ಎಲ್ರಿಗೂ ಉಸಿರು ನಿಲ್ಲತ್ತೆ, ಆದ್ರೆ ಅಲ್ಲಿ ಕಾಮಾ ಹಾಕಿದ್ರೆ ತಪ್ಪು, ಸಬ್ಜೆಕ್ಟ್‌ಗೂ ವರ್ಬ್‌ಗೂ ಮಧ್ಯೆ ಒಂಟಿ ಕಾಮಾ ಬರಂಗಿಲ್ಲ. ನನ್ನ ಟೇಬಲ್‌ಗೆ ದಿನಾ ಬರೋ ತಪ್ಪು ಇದು. ಇನ್ನೊಂದು, ಗುರುತು ಹೇಳೋ ಮಾತಾದ್ರೆ ವಿಚ್ ಬಿಟ್ಟು ದಟ್ ಹಾಕು. "ದ ಸರ್ವರ್ಸ್ ದಟ್ ವರ್ ಅಪ್‌ಡೇಟೆಡ್" ಅಂತ ಬರೆದ್ರೆ ಕಾಮಾ ಹಾಕೋಕೆ ಕೈನೇ ಬರಲ್ಲ. ಬ್ರಿಟಿಷ್ ಇಂಗ್ಲಿಷಲ್ಲಿ ಕಾಮಾ ಇಲ್ದೆ ವಿಚ್ ಬರಿಯೋದೂ ಸರಿನೇ, ಆದ್ರೂ ದಟ್ ಸೇಫು.

ಲಾ ಪಾಯಿಂಟು:
ಕಾಮಾಗೆ ಬೈಸ್ಕೊಂಡಿದ್ದಕ್ಕೇ ಬೇಜಾರಾ? ಕೆನಡಾ ಕಥೆ ಕೇಳಿ. ರೋಜರ್ಸ್ ಅನ್ನೋ ಕೇಬಲ್ ಕಂಪನಿ ಅಲ್ಲಿನ ಪೂರ್ವ ಪ್ರಾಂತ್ಯಗಳಲ್ಲಿ ಕಂಬದ ಮೇಲೆ ತಂತಿ ಎಳ್ಯೋಕೆ 2002ರಲ್ಲಿ ಒಪ್ಪಂದ ಮಾಡ್ಕೊಂಡಿತ್ತು, ಸುಮಾರು 91,000 ಕಂಬ, ಕಂಬಕ್ಕೆ ವರ್ಷಕ್ಕೆ 9.60 ಡಾಲರ್ ಬಾಡಿಗೆ. ಒಪ್ಪಂದದ ಮಾತು ಕನ್ನಡದಲ್ಲಿ ಹೆಚ್ಚುಕಮ್ಮಿ ಹಿಂಗಿತ್ತು: 5 ವರ್ಷ ಜಾರಿಯಲ್ಲಿರತ್ತೆ, ಆಮೇಲೂ ಐದೈದು ವರ್ಷ ಮುಂದುವರಿಯತ್ತೆ, ಒಂದು ವರ್ಷ ಮುಂಚೆ ನೋಟಿಸ್ ಕೊಟ್ಟು ಯಾರಾದ್ರೂ ರದ್ದು ಮಾಡೋ ತನಕ. ಮೊದಲ 5 ವರ್ಷ ಯಾರೂ ಕೈ ಹಚ್ಚಂಗಿಲ್ಲ ಅಂತ ರೋಜರ್ಸ್ ನಿಶ್ಚಿಂತೆಯಾಗಿತ್ತು. ಆದ್ರೆ "ಆಮೇಲೂ ಐದೈದು ವರ್ಷ" ಅನ್ನೋ ತುಂಡಿನ ಎರಡೂ ಕಡೆ ಕಾಮಾ ಇತ್ತು. ಮೇಡಂ ಹೇಳ್ದಂಗೆ ಅದನ್ನ ಎತ್ತಿಟ್ಟು ಓದಿ, ನೋಟಿಸ್ ಮಾತು ಮೊದಲ 5 ವರ್ಷಕ್ಕೇ ಬಂದು ಅಂಟ್ಕೊಳತ್ತೆ. ಎದುರಿನ ಕಂಪನಿ ಅಲಿಯಂಟ್ ಅದನ್ನೇ ಹಿಡ್ಕೊಂಡು ಅವಧಿಗೆ ಮುಂಚೆನೇ ರದ್ದು ಅಂತು. ಅಲ್ಲಿನ ಟೆಲಿಕಾಂ ನಿಯಂತ್ರಕರು 2006ರಲ್ಲಿ ಆ ಎರಡನೇ ಕಾಮಾನ ತೋರಿಸೇ ಅಲಿಯಂಟ್ ಹೇಳಿದ್ದು ಸರಿ ಅಂದ್ರು, ರೋಜರ್ಸ್‌ಗೆ ಸುಮಾರು 21 ಲಕ್ಷ ಡಾಲರ್ ಹೊಡೆತ ಅಂತ ಲೆಕ್ಕ ಹಾಕಿದ್ರು. ಕೊನೆಗೆ ಕಾಪಾಡಿದ್ದು ಫ್ರೆಂಚ್! ಕೆನಡಾದಲ್ಲಿ ಎರಡೂ ಭಾಷೆ ನಡಿಯತ್ತಲ್ಲ, ಒಪ್ಪಂದದ ಫ್ರೆಂಚ್ ಪ್ರತಿಯಲ್ಲಿ ಆ ಗೊಂದಲ ಇರ್ಲಿಲ್ಲ, 2007ರಲ್ಲಿ ತೀರ್ಪು ತಿರುಗ್ತು.

ಹಾಸನದ ಹೈದ:
ಅಯ್ಯಪ್ಪಾ, ನನ್ದು ಬರೀ ಒಂದು ಫೋನ್ ಕಾಲಲ್ಲಿ ಮುಗೀತು. ಥ್ಯಾಂಕ್ಸ್ ಎಲ್ರಿಗೂ. ಮೇಡಂ ಒಂದೇ ಡೌಟು, "ವಿ ರೀಸ್ಟಾರ್ಟೆಡ್ ದ ಸರ್ವರ್, ಹೌಎವರ್, ಇಟ್ ಫೇಲ್ಡ್ ಅಗೇನ್." ಇದ್ರಲ್ಲಿ ಎರಡೂ ಕಡೆ ಕಾಮಾ ಹಾಕಿದೀನಿ, ಜೋಡೆತ್ತು ಕಟ್ಟಿದೀನಿ, ಸರಿನಾ?

ರಿಟೈರ್ಡ್ ಮೇಡಂ:
ಎತ್ತಿ ನೋಡ್ದೆ ಕೇಳ್ಬಿಟ್ಯಲ್ಲ. ಹೌಎವರ್ ಎತ್ತು. "ವಿ ರೀಸ್ಟಾರ್ಟೆಡ್ ದ ಸರ್ವರ್ ಇಟ್ ಫೇಲ್ಡ್ ಅಗೇನ್." ಎರಡು ವಾಕ್ಯ ಒಂದಕ್ಕೊಂದು ಡಿಕ್ಕಿ ಹೊಡೀತು ನೋಡು. ಅಲ್ಲಿ ಹೌಎವರ್ ಮಧ್ಯೆ ಬಂದಿದ್ದಲ್ಲ, ಎರಡನೇ ವಾಕ್ಯದ ಬಾಗಿಲಲ್ಲಿ ನಿಂತಿದೆ. ಅದರ ಹಿಂದೆ ಫುಲ್‌ಸ್ಟಾಪೋ ಸೆಮಿಕೋಲನ್ನೋ ಬೇಕು, ಮುಂದೆ ಕಾಮಾ. "ದ ಸೆಕೆಂಡ್ ಅಟೆಂಪ್ಟ್, ಹೌಎವರ್, ವರ್ಕ್ಡ್" ಅಂತ ಬರೀ, ಅದು ನಿಜವಾಗ್ಲೂ ನಡುವೆ ನುಗ್ಗಿರೋದು, ಅಲ್ಲಿ ಜೋಡಿ ಕಾಮಾ ಚೆನ್ನಾಗಿ ಕೂರತ್ತೆ.

ಸುಮ್ನೆ ಬಂದೆ:
ಒಂದ್ ನಿಮಿಷ. ನನ್ನ ಪ್ರೊಫೈಲಲ್ಲಿ "ಮೈ ವೈಫ್ ಲತಾ ಈಸ್ ಎ ಟೀಚರ್" ಅಂತಿದೆ, ಕಾಮಾ ಇಲ್ಲ. ಮೇಡಂ ಲೆಕ್ಕದಲ್ಲಿ ನಂಗೆಷ್ಟು ಜನ ಹೆಂಡ್ರು?

ಕಾಪಿ ಡೆಸ್ಕ್:
ಕಡ್ಡಿ ಮುರ್ದಂಗೆ ಓದಿದ್ರೆ ಲತಾ ಅವ್ರಲ್ಲಿ ಒಬ್ರು. ಆದ್ರೆ ಹಿಂಗೆ ನೆಂಟಸ್ತಿಕೆ ಪಕ್ಕ ಬರೋ ಒಂದು ಪದದ ಹೆಸರಿಗೆ ಎಲ್ರೂ ಅಷ್ಟು ಬಿಗಿ ಮಾಡಲ್ಲ, ನಾವೂ ಬಿಟ್ಬಿಡ್ತೀವಿ.

ಸುಮ್ನೆ ಬಂದೆ:
ನೀವು ಬಿಡ್ತೀರಾ ಸರ್, ಅವ್ಳು ಹೇಳ್ಕೊಡೋದೇ ಇಂಗ್ಲಿಷು. ಎರಡೂ ಕಾಮಾ ಹಾಕಿ ಬಂದೆ.