ಸಹಾಯ ಬೇಕು: ಅಕ್ಕನ ಬೇರಿಯಾಟ್ರಿಕ್ (ತೂಕ ಇಳಿಸುವ) ಆಪರೇಷನ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕುಮಟಾ. ಅಕ್ಕನಿಗೆ 44 ವರ್ಷ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 38, ಶುಗರ್ ಹತೋಟಿಗೆ ಬರುತ್ತಿಲ್ಲ. ಹುಬ್ಬಳ್ಳಿಯ ಡಾಕ್ಟರು ಸ್ಲೀವ್ ಆಪರೇಷನ್ ಮಾಡಿಸಿ ಎಂದಿದ್ದಾರೆ. ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರೆ, ಮತ್ತೆ ಮೊದಲಿನ ಹಾಗೆ ಮಾಡಲು ಬರುವುದಿಲ್ಲ, ನಮಗೆ ಹೆದರಿಕೆ ಅದಕ್ಕೇ. ಅವಳಿಗೆ ಎದೆಯುರಿ ಬೇರೆ ಇದೆ. ಸ್ಲೀವ್ ಆದಮೇಲೆ ಅದು ಜಾಸ್ತಿಯಾಗಬಹುದಂತೆ, ಹಾಗಾದರೆ ಜಠರವನ್ನು ಚಿಕ್ಕದು ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸೇ ಒಳ್ಳೆಯದಾ?

ಭಾವ ಮಾತ್ರ 'ಸುಮ್ನೆ ಲೈಪೋಸಕ್ಷನ್ ಮಾಡಿಸಿದ್ರೆ ಮುಗೀತಲ್ವಾ' ಅನ್ನುತ್ತಾರೆ. ಅದು ಚರ್ಮದ ಕೆಳಗಿನ ಕೊಬ್ಬು ತೆಗೆದು ಆಕಾರ ಸರಿ ಮಾಡುವುದಷ್ಟೇ, ಶುಗರಿಗೆ ಮದ್ದಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಯಿತು.

ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ತಿಳಿಸಿ. ಮೊದಮೊದಲು ಬರೀ ನೀರಾಗಿರುವ ಆಹಾರ ಅಂತಾರೆ, ಗಂಜಿ, ಮೀನು ಸಾರು ಯಾವಾಗ ಶುರು ಮಾಡಿದಿರಿ? ಬಿ12, ಕಬ್ಬಿಣದ ಮಾತ್ರೆ ಜೀವನಪೂರ್ತಿ ತಪ್ಪಿಸದೆ ತೆಗೆದುಕೊಳ್ಳುವುದು ಕಷ್ಟವಾಯಿತಾ? ಬಿಎಂಐ 35ಕ್ಕಿಂತ ಜಾಸ್ತಿಯಿದ್ದು ಶುಗರ್ ಹತೋಟಿ ತಪ್ಪಿದ್ದರೆ ವಿಮೆ ಸಿಗುತ್ತದಂತೆ, ಯಾವ ಯಾವ ಕಾಗದ ಕೇಳಿದರು? ತೂಕ ಇಳಿದಮೇಲೆ ಜೋಲು ಬೀಳುವ ಚರ್ಮಕ್ಕೆ ಏನು ಮಾಡಿದಿರಿ?

'ಅನ್ನ ಬಿಡಿ, ವಾಕಿಂಗ್ ಮಾಡಿ' ಎಂಬ ಸಲಹೆ ಬೇಡ, ಅದೆಲ್ಲ ಆಗಿದೆ.