ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: 14,000 ಕಿ.ಮೀ.ಗೆ ಹದಿನೇಳು ಮುಕ್ಕಾಲು ಗಂಟೆ ಯಾಕೆ?

ತುಂಗಾತೀರ: ಎರಡು ನಿಲ್ದಾಣಗಳ ನಡುವೆ ನೇರ ದೂರ ಸುಮಾರು 13,990 ಕಿ.ಮೀ. ಗಂಟೆಗೆ 900ರಂತೆ ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನಕ್ಕೆ ಹದಿನೇಳೂವರೆಗಿಂತ ಹೆಚ್ಚೇ ಹಿಡಿಯಿತು. ಉಳಿದ ಎರಡು ಗಂಟೆ ಎಲ್ಲಿ ಹೋಯ್ತು?

ಕೆಂಗೇರಿ77: ಟಿಕೆಟ್ಟಿನ ಹೊತ್ತು ವಿಮಾನ ಗೇಟಿನಿಂದ ಹಿಂದೆ ಸರಿದಾಗಲೇ ಶುರು. ರನ್‌ವೇಗೆ ಹೋಗೋಕೆ 15–20 ನಿಮಿಷ, ಇಳಿದ ಮೇಲೆ ಗೇಟಿಗೆ ಇನ್ನೊಂದಿಷ್ಟು. ಏರುವಾಗ, ಇಳಿಯುವಾಗ ವೇಗವೂ ಕಮ್ಮಿ. ಅಷ್ಟೇ ಲೆಕ್ಕ.

ಉತ್ತರಮುಖಿ: ಅಷ್ಟೇ ಅನ್ನೋದನ್ನ ಒಪ್ಪಲ್ಲ. ಅದರಿಂದ ಹೆಚ್ಚಂದ್ರೆ ಒಂದು ಗಂಟೆ ಸಿಗುತ್ತೆ. ಮಿಕ್ಕಿದ್ದು ದಾರಿಯದು. ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಎಳೆದು ನೋಡಿ: ಬೆಂಗಳೂರಿಂದ ಈಶಾನ್ಯಕ್ಕೆ ವಾಲಿ ನೇಪಾಳ, ಟಿಬೆಟ್ ದಾಟಿ, ಪೂರ್ವ ಸೈಬೀರಿಯಾದಾಚೆ 71 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಹೋಗುತ್ತೆ. ಟಿಬೆಟ್ ಮೇಲೆ ಕ್ಯಾಬಿನ್ನಿನ ಒತ್ತಡ ಹೋದರೆ 10,000 ಅಡಿಗೆ ಇಳಿಯಬೇಕು, ಆದರೆ ಅಲ್ಲಿ ನೆಲವೇ 14–15 ಸಾವಿರ ಅಡಿ ಎತ್ತರ! ಪ್ರಯಾಣಿಕರ ಮಾಸ್ಕಿನ ಆಮ್ಲಜನಕ ಸಾಮಾನ್ಯವಾಗಿ 12ರಿಂದ 22 ನಿಮಿಷ ಮಾತ್ರ. ಹಾಗಾಗಿ ಆ ಗೆರೆಯನ್ನು ಬಿಟ್ಟು ಸುತ್ತಬೇಕಾಗುತ್ತೆ.

ತುಂಗಾತೀರ: ಧ್ರುವದ ಮೇಲೆ ಹಾದುಹೋದರೆ ದೂರ ಎಷ್ಟು ಜಾಸ್ತಿ?

ಉತ್ತರಮುಖಿ: ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವಕ್ಕೆ 52.4 ಡಿಗ್ರಿ, ಧ್ರುವದಿಂದ ಬೆಂಗಳೂರಿಗೆ 76.8. ಒಟ್ಟು 129.2. ಡಿಗ್ರಿಗೆ 111.2 ಕಿ.ಮೀ.ನಂತೆ ಸುಮಾರು 14,370. ಬರೀ 380 ಹೆಚ್ಚು. ಆದರೆ ಧ್ರುವದಿಂದ ನೇರ ಕೆಳಗಿಳಿದರೂ ಕಾರಕೋರಂ ಅಡ್ಡ ಬರುತ್ತೆ, ಪಶ್ಚಿಮಕ್ಕೆ ಇನ್ನಷ್ಟು ಬಾಗಬೇಕು.

ಹಿಮಗಾಳಿ: ವೇಗವನ್ನೂ 900 ಅಂತ ಹಿಡೀಬೇಡಿ. ಬೋಯಿಂಗ್ 777 ಸಾಮಾನ್ಯವಾಗಿ ಶಬ್ದದ ವೇಗದ 0.84ರಷ್ಟಕ್ಕೆ ಹಾರುತ್ತೆ. ಹೊರಗೆ ಮೈನಸ್ 55 ಡಿಗ್ರಿ ಇದ್ದರೆ ಅದು ಸುಮಾರು 895, ಮೈನಸ್ 65 ಆದರೆ 875. ಗಾಳಿ ತಣ್ಣಗಾದಷ್ಟೂ ಶಬ್ದದ ವೇಗವೇ ಇಳಿಯುತ್ತೆ. ಜೊತೆಗೆ ಇಂಧನದ ಚಿಂತೆ: ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಮೈನಸ್ 40ಕ್ಕೆ ಗಟ್ಟಿಯಾಗಲು ಶುರು, ಬೇರೆ ಕಡೆಯ ಜೆಟ್ ಎ-1 ಮೈನಸ್ 47ಕ್ಕೆ. ಟ್ಯಾಂಕಿನ ತಾಪ ಆ ಮಿತಿಗಿಂತ 3 ಡಿಗ್ರಿ ಮೇಲೇ ಇರಬೇಕು. ಅದು ಹತ್ತಿರವಾದರೆ ಪೈಲಟ್ ವೇಗ ಹೆಚ್ಚಿಸ್ತಾರೆ, ಇಲ್ಲಾ ಬೆಚ್ಚಗಿನ ಪದರಕ್ಕೆ ಇಳೀತಾರೆ. ಎರಡಕ್ಕೂ ಇಂಧನ ಹೆಚ್ಚು ಬೇಕು.

ಕೆಂಗೇರಿ77: ಇದು ಸರಿ, ನಾನು ಬರೆದದ್ದು ಅರ್ಧ ಲೆಕ್ಕ. ಗಡಿಯಾರದ ಗೊಂದಲವನ್ನೂ ಬಿಡಿಸಿಬಿಡೋಣ. ಅಲ್ಲಿ ರಾತ್ರಿ 8:30 ಅಂದ್ರೆ ಚಳಿಗಾಲದಲ್ಲಿ ಇಲ್ಲಿ ಮರುದಿನ ಬೆಳಗ್ಗೆ 10, ಅಂತರ ಹದಿಮೂರೂವರೆ ಗಂಟೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಆ ವಿಮಾನ ಅಲ್ಲಿಂದ 9ರ ರಾತ್ರಿ 8:30ಕ್ಕೆ ಹೊರಟು ಇಲ್ಲಿಗೆ 11ರ ಬೆಳಗಿನ ಜಾವ 3:45ರ ಹೊತ್ತಿಗೆ ಮುಟ್ಟಿತು. ಎರಡನ್ನೂ ನಮ್ಮ ಗಂಟೆಗೆ ತಂದು ಕಳೆದರೆ ಹದಿನೇಳು ಮುಕ್ಕಾಲು.

ತುಂಗಾತೀರ: ಹಾಗಾದರೆ ದುಬೈ ಮೂಲಕ ಹೋದರೆ ನಷ್ಟ ಜಾಸ್ತಿನಾ?

ಉತ್ತರಮುಖಿ: 2,700 ಮತ್ತು 13,020, ಸೇರಿ 15,720 ಕಿ.ಮೀ. ಹಾರಾಟದಲ್ಲಿ ಎರಡು ಗಂಟೆ ಹೆಚ್ಚು, ಇನ್ನೊಂದು ಸಲ ಏರಿ ಇಳಿಯೋಕೆ ಅರ್ಧ ಗಂಟೆ, ಅದರ ಮೇಲೆ ದುಬೈಯಲ್ಲಿ ಕಾಯುವ ಹೊತ್ತು.