ಅಪ್‌ಡೇಟ್: ಗೀಸರ್ ಎಂಸಿಬಿ ಬದಲಾಯಿಸಿದ್ದಾಯ್ತು

ಹೋದ ವಾರ ಕೇಳಿದ್ನಲ್ಲ, ತೀರ್ಥಹಳ್ಳಿ ಹತ್ರ ನಮ್ಮನೇಲಿ ಗೀಸರ್ ಹಾಕಿ ಹತ್ತು ನಿಮಿಷಕ್ಕೆ 16 ಆಂಪ್ ಎಂಸಿಬಿ (ಕರೆಂಟ್ ಜಾಸ್ತಿ ಹರಿದ್ರೆ ತಾನೇ ಆಫ್ ಆಗೋ ಸ್ವಿಚ್) ಬಿದ್ದುಬಿಡುತ್ತೆ, 32ರದ್ದು ಹಾಕ್ಲಾ ಅಂತ. ಬೇಡ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಗೀಸರ್ 2000 ವ್ಯಾಟ್, 230 ವೋಲ್ಟಿಗೆ 9 ಆಂಪ್ ಕೂಡ ಎಳೆಯಲ್ಲ, 16 ಧಾರಾಳ ಸಾಕು, ಗೋಡೆ ಒಳಗಿರೋದು 2.5 ಎಂಎಂ ವೈರು, 32 ಹಾಕಿದ್ರೆ ವೈರ್ ಬಿಸಿಯಾಗಿ ಕರಗ್ತಿದ್ರೂ ಎಂಸಿಬಿ ಸುಮ್ನೆ ಇರ್ತಿತ್ತು.

ಭಾನುವಾರ ಮಳೆ ಬಿಟ್ಟಮೇಲೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಬಂದ್ರು. ಮೊದ್ಲು ಮೇನ್ ಆಫ್, ಆಮೇಲೆ ಇನ್ವರ್ಟರೂ ಆಫ್, ಇದು ನನಗೆ ಹೊಳೆದೇ ಇರ್ಲಿಲ್ಲ. ಎಂಸಿಬಿ ಕೆಳಗೆ ಮಾಡಿದ್ರೂ ಅದಕ್ಕೆ ಕರೆಂಟ್ ಬರೋ ಕಡೆ ಜೀವಂತವೇ ಇರುತ್ತಂತೆ, ಅದಕ್ಕೇ ಟೆಸ್ಟರ್ ಸರಿ ಇದೆಯಾ ಅಂತ ಮೊದ್ಲೇ ಕರೆಂಟ್ ಇದ್ದಾಗ ನೋಡ್ಕೊಂಡು, ಆಫ್ ಮಾಡಿದ್ಮೇಲೆ ಬೋರ್ಡ್ ಒಳಗೆ ಒಂದೊಂದೂ ಮುಟ್ಟಿಸಿ ನೋಡಿದ್ರು.

ಬಿಚ್ಚಿದ್ರೆ ಎಂಸಿಬಿಗೆ ವೈರ್ ಹಿಡಿಸೋ ಸ್ಕ್ರೂ ಲೂಸು! ತಾಮ್ರ ಕಪ್ಪಾಗಿ ಪ್ಲಾಸ್ಟಿಕ್ ಸುಟ್ಟ ವಾಸನೆ, ಆ ಬಿಸಿಗೇ ಎಂಸಿಬಿ ಒಳಗಿನ ಲೋಹದ ಪಟ್ಟಿ ಬಾಗಿ ಬೇಗ ಬೀಳ್ತಿದ್ದದ್ದು. ಕಪ್ಪಾದಷ್ಟು ವೈರ್ ಕತ್ತರಿಸಿ, ಅದೇ ಕಂಪನಿಯ ಹೊಸ 16 ಆಂಪ್ ಹಾಕಿ, ಸ್ಕ್ರೂ ಬಿಗಿ ಮಾಡಿ ವೈರ್ ಎಳೆದು ನೋಡಿದ್ರು. ಮೂರು ದಿನದಿಂದ ಒಮ್ಮೆಯೂ ಬಿದ್ದಿಲ್ಲ, ಕೈಯಿಟ್ರೆ ಸ್ವಲ್ಪ ಬೆಚ್ಚಗಷ್ಟೇ.

ಇನ್ನೊಂದು, ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗಿ ಶಾಕ್‌ನಿಂದ ಕಾಪಾಡೋ ಸ್ವಿಚ್) ಟೆಸ್ಟ್ ಬಟನ್ ಒತ್ತಿದ್ರೆ ಬೀಳ್ಲೇ ಇಲ್ಲ. ಮನೇಲಿ ಮಕ್ಕಳಿದಾರೆ, ಭಯ ಆಯ್ತು. ನಾಳೆ ಶಿವಮೊಗ್ಗಕ್ಕೆ ಹೋಗಿ 30 ಮಿಲಿಆಂಪ್‌ದು ತರ್ತೀನಿ, ಅಲ್ಲೀವರೆಗೂ ಗೀಸರ್ ಬಂದ್, ಸ್ನಾನಕ್ಕೆ ಹಂಡೆ ಒಲೇನೇ.